ಲುವಿನಿಯಾ ಟಿವಿಯಲ್ಲಿ ಹಾಡಿದ ಭಾನುವಾರ

ನಮ್ಮವರು ಯಾರಾದರೂ ಟಿವಿಯಲ್ಲಿ ಬರುತ್ತಾರೆಂದರೆ ಆ ಕಾಲದಲ್ಲಿ ಮೆಂಫಿಸ್ಸಿನ ನಮ್ಮ ಬೀದಿಯ ಫೋನುಗಳಿಗೆ ಪುರುಸೊತ್ತೇ ಇರುತ್ತಿರಲಿಲ್ಲ. ಕಪ್ಪು ಮುಖವೊಂದು ಪರದೆಯ ಮೇಲೆ ಕಾಣುವುದೇ ಅಪರೂಪ. ಅಂಥದ್ದರಲ್ಲಿ ಆ ಸಂಜೆ ನ್ಯೂಯಾರ್ಕಿನ ದೊಡ್ಡ ಸಂಗೀತ ಕಾರ್ಯಕ್ರಮದಲ್ಲಿ ಹಾಡುವವಳು ನನ್ನ ಒಡಹುಟ್ಟಿದ ತಂಗಿ ಲುವಿನಿಯಾ! ನಮ್ಮ ಮುಂದಿನ ಕೋಣೆಯಲ್ಲಿ ಎಳ್ಳು ಹಾಕಿದರೂ ನೆಲಕ್ಕೆ ಬೀಳದಷ್ಟು ಜನ.

ಅಮ್ಮ ಮಾತ್ರ ಅಡುಗೆಮನೆಯಲ್ಲಿ ನಮಗೆ ಬೆನ್ನು ಹಾಕಿ ಸೊಪ್ಪು ತೊಳೆಯುತ್ತಿದ್ದಳು. ಲುವಿನಿಯಾ ಚರ್ಚಿನ ಹಾಡು ಬಿಟ್ಟು ಪ್ರೇಮದ ಹಾಡು ಹಿಡಿದ ಮೇಲೆ, ನಾಲ್ಕು ವರ್ಷ, ಅಮ್ಮ ಅವಳೊಡನೆ ಒಂದು ಮಾತೂ ಆಡಿರಲಿಲ್ಲ. ದೇವರು ಕೊಟ್ಟ ಗಂಟಲನ್ನು ಸೈತಾನನಿಗೆ ಮಾರಿಕೊಂಡಳು ಎಂದೇ ಅಮ್ಮನ ಹಟ. ಇವತ್ತಾದರೂ ಈ ಕಡೆ ತಿರುಗಿಯಾಳು ಎಂದು ನಾನು ಆಸೆಪಟ್ಟಿದ್ದೆ.

"ಬಾರಮ್ಮಾ, ಶುರುವಾಗುತ್ತೆ," ಅಂದೆ.

"ಸೊಪ್ಪಲ್ಲಿ ಇನ್ನೂ ಮಣ್ಣಿದೆ."

"ಅಲ್ಲಿಗೂ ಕೇಳಿಸುತ್ತಲ್ಲ ತಾಯಿ, ಕಿವಿಗೆ ಹತ್ತಿ ಇಟ್ಕೊಂಡಿದೀರಾ?" ಪಕ್ಕದ ಮನೆಯ ಕ್ಲಿಯೋಫಸ್ ಮಾವ ಕೆಣಕಿದ.

"ನಿನ್ನ ಬಾಯಿಗೆ ತುರುಕ್ತೀನಿ ನೋಡು," ಅಂದಳು ಅಮ್ಮ.

ಪರದೆಯ ಮೇಲೆ ಲುವಿನಿಯಾ ಬಂದಳು. ಮೈತುಂಬ ಮಿನುಗುವ ಉಡುಪು. ನನ್ನ ಪಕ್ಕ ಮಲಗಿ ರಾತ್ರಿಯಿಡೀ ಹೊದಿಕೆ ಎಳೆದುಕೊಳ್ಳುತ್ತಿದ್ದ ಹುಡುಗಿ ಇವಳೇನಾ ಅನ್ನಿಸಿತು.

ಮೊದಲ ಸಾಲು ಹಾಡಿ ನಿಂತಳು. ನಮ್ಮಲ್ಲಿ ಯಾರೂ ಒಬ್ಬರೇ ಹಾಡುವುದಿಲ್ಲ. ಹಾಡುವವಳು ನಿಂತ ಕಡೆ ಕೂತವರು "ಹೌದು", "ಹೇಳಮ್ಮ" ಎಂದು ಓಗೊಡಬೇಕು. ಅದನ್ನು ಹಿಡಿದುಕೊಂಡೇ ಅವಳು ಮುಂದಿನ ಸಾಲಿಗೆ ಏರುವುದು. ಅಲ್ಲಿ ಕೂತ ಬಿಳಿಯರು ಮಹಾ ಮರ್ಯಾದಸ್ಥರು, ತುಟಿ ಪಿಟಕ್ಕೆನ್ನಲಿಲ್ಲ. ಎರಡನೆಯ ಸಾಲಿಗೂ ಅಷ್ಟೇ. ಲುವಿನಿಯಾಳ ದನಿ ನಡುಗಿತು. ಅವಳ ಕಣ್ಣು ಯಾರನ್ನೋ ಹುಡುಕತೊಡಗಿತು. ಮುಗಿಯಿತು, ಇಷ್ಟು ಜನರೆದುರು ಸೋತಳು ಎಂದು ನನ್ನ ಜೀವ ಬಾಯಿಗೆ ಬಂತು.

"ನಿಧಾನ ಮಗಾ! ನಿಧಾನವಾಗಿ ಹೇಳು!"

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅಲ್ಲಿ ಲುವಿನಿಯಾ ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಆಮೇಲೆ ಬಂದ ದನಿಯನ್ನು ಏನೆಂದು ಹೇಳಲಿ! ಆ ಚಿಕ್ಕ ಪೆಟ್ಟಿಗೆ ಅದನ್ನು ಹೇಗೆ ತಡೆದುಕೊಂಡಿತೋ. ಬಿಟ್ಟುಹೋದ ಗಂಡಸಿನ ಮೇಲಿನ ಹಾಡು ಅದು, ಆದರೂ ದೇವರೆದುರು ನಿಂತಂತೆ ನನಗೆ ಭಯವಾಯಿತು. ಕ್ಲಿಯೋಫಸ್ ಮಾವ ಟೋಪಿ ತೆಗೆದ. "ಹೇಳೇ!" ಎಂದು ಅಮ್ಮ ಕೂಗಿದರೆ ನಾವೆಲ್ಲ "ಹೌದು!" ಅಂದೆವು.

ಹಾಡು ಮುಗಿಯಿತು. ಅಮ್ಮ ಕುರ್ಚಿಯಲ್ಲಿ ಕುಸಿದಳು.

"ನೀವು ಕೂಗಿದ್ದು ಅವಳಿಗೆಲ್ಲಿ ಕೇಳಿಸಬೇಕು ತಾಯಿ," ಮಾವ ಮೆಲ್ಲಗೆ ಅಂದ.

"ಅಲ್ಲಿ ಅಷ್ಟು ಜನ ಕೂತಿದ್ರು," ಅಂದಳು ಅಮ್ಮ. "ನನ್ನ ಮಗೂಗೆ ಒಬ್ರೂ ಓಗೊಡಲಿಲ್ಲವಲ್ಲೋ."

ಅಮ್ಮ ತನ್ನ ಉಡುಪಿನಲ್ಲೇ ಒದ್ದೆ ಕೈ ಒರೆಸಿಕೊಂಡು ನನ್ನ ಕಡೆ ನೋಡಿದಳು.

"ನಾನೂ ಓಗೊಡಲಿಲ್ಲ. ನಾಲ್ಕು ವರ್ಷ. ಅವಳ ನಂಬರಿದೆಯೇನೇ? ಫೋನ್ ಮಾಡೇ."