ಕಾಂಗರೂ ಹೊಟ್ಟೆಯ ಶಾವಿಗೆ

ಸಾವಿರದ ಒಂಬೈನೂರ ಐವತ್ತೈದರ ಆ ಭಾನುವಾರ ಮುಂಬೈಯ ಮುಲುಂಡಿನಲ್ಲಿ ಅಂಬವ್ವ ಬೆಳಗಿನಿಂದ ಒಳಗೂ ಹೊರಗೂ ಓಡಾಡುತ್ತಿದ್ದಳು. ಮಗಳು ಶೀಲಾವತಿಯನ್ನು ನೋಡಲು ಬಂದವರೆಲ್ಲ ಇದುವರೆಗೆ ಉಪ್ಪಿಟ್ಟು ತಿಂದು, ಚಹಾ ಕುಡಿದು, ಸಿಹಿ ಮುಟ್ಟದೆ ಎದ್ದುಹೋಗಿದ್ದರು. ಅವರ ಮಂದಿಯಲ್ಲಿ ಬಾಯಿಬಿಟ್ಟು ಹೇಳುವ ಮಾತೇ ಇಲ್ಲ. ಸಿಹಿ ತಿಂದರೆ ಹೆಣ್ಣು ಒಪ್ಪಿಗೆ, ಬಿಟ್ಟರೆ ಇಲ್ಲ. ಈ ಸಲ ಅಂಬವ್ವ ತಾನೇ ಹೊಸೆದ ಶಾವಿಗೆಯ ಪಾಯಸ ಮಾಡಿದ್ದಳು. ಅದನ್ನು ಬಿಟ್ಟು ಏಳುವ ಗಂಡು ಇನ್ನೂ ಹುಟ್ಟಿಲ್ಲ ಎಂದು ಅವಳ ಜಂಬ.

ಗಂಡಿನ ತಾಯಿ ಕಾಶವ್ವ ಮೊದಲೇ ಬಂದು ಕೂತಿದ್ದಳು. ಗಂಡು ದಾನಪ್ಪ ಫೋರ್ಟ್ ಭಾಗದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮಾಸ್ತರ. ಠಾಣೆ ಊರಿನಿಂದ ಲೋಕಲ್ ರೈಲು ಹಿಡಿದು, ಬೆವರು ಸುರಿಸುತ್ತ ತಡವಾಗಿ ಬಂದ. ಬಂದವರ ಕೈಚೀಲ ಇಸಿದುಕೊಂಡು ಒಳಗಿಡುವುದು ಮರ್ಯಾದೆ. ಅಂಬವ್ವ ಇಸಿದುಕೊಂಡಳು, ಇಣುಕಿಯೂ ನೋಡಿದಳು. ನೋಡದಿದ್ದರೆ ಅವಳು ಅಂಬವ್ವನೇ ಅಲ್ಲ!

ಒಳಗೊಂದು ಗಾಜಿನ ಭರಣಿ. ಅದರ ತುಂಬ ನೀರಿನಲ್ಲಿ ನೆನೆದ ಬೆಳ್ಳನೆಯ ಸಣ್ಣ ಎಳೆಗಳು. ಬೀಗರೆದುರು ಚೆಂದ ಕಾಣಲೆಂದು ಅವಳು ಚಾಳೀಸಿನ ಕನ್ನಡಕ ತೆಗೆದಿಟ್ಟಿದ್ದಳು.

“ಅಯ್ಯ ಶಿವನ! ಕಾಶವ್ವ ಮಗನ ಕೈಯಾಗ ತನ್ನ ಶಾವಿಗಿ ಕಳಿಸ್ಯಾಳ! ಲೋಕಲ್‌ದಾಗ ಯಾರದೋ ಮೀನಿನ ಬುಟ್ಟಿ ನೀರು ಇದರಾಗ ಇಳದೈತಿ, ಪಾಪ!”

ವಾಸನೆಯೂ ಹಾಗೇ ಇತ್ತು. ಎಳೆಗಳೋ ತುಂಡು ತುಂಡು, ತುದಿ ಚೂಪು, ಒಂದರಂತೆ ಒಂದಿಲ್ಲ. ತನ್ನ ಶಾವಿಗೆಯೇ ಮೇಲೆಂದು ಅಂಬವ್ವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೂ ಬೀಗತಿಯ ಮಾನ ಕಾಯಬೇಕಲ್ಲ! ನೀರು ಬಸಿದು, ಚೆನ್ನಾಗಿ ತೊಳೆದು, ವಿಭೂತಿ ನೀರು ಚಿಮುಕಿಸಿ, ಮನೆಯ ಮುಂದಿನ ಗ್ಯಾಲರಿಯಲ್ಲಿ ಗಂಡನ ಬಿಳಿ ಧೋತರದ ಮೇಲೆ ಬಿಸಿಲಿಗೆ ಹರವಿದಳು. ಒಂದೆರಡು ಎಳೆ ಹೊರಳಿದಂತಾಯಿತು. ಗಾಳಿ ಎಂದುಕೊಂಡಳು.

ಪಾಯಸದ ಬಟ್ಟಲು ಇಡುತ್ತ ಕಾಶವ್ವನ ಕಿವಿಯಲ್ಲಿ ಉಸುರಿದಳು: “ನಿಮ್ಮ ಶಾವಿಗಿ ಒಣಗಾಕ ಹಾಕೀನ್ರಿ. ಚಿಂತಿ ಮಾಡಬ್ಯಾಡ್ರಿ.”

“ನಾ ಎಲ್ಲಿ ಶಾವಿಗಿ ತಂದೇನ್ರಿ?” ಎಂದಳು ಕಾಶವ್ವ, ಗಟ್ಟಿಯಾಗಿಯೇ.

ದಾನಪ್ಪ ಚಂಗನೆ ಎದ್ದ. “ನನ್ನ ಭರಣಿ! ಶಾವಿಗಿ ಅಲ್ರೀ ಅವು, ಜಂತುಹುಳ! ಠಾಣೇದಾಗ ಸರ್ಕಸ್ಸಿನ ಕಾಂಗರೂ ಸತ್ತಿತ್ತು, ಇವತ್ತ ಅದರ ಹೊಟ್ಟಿಯೊಳಗಿಂದ ತಗದೀನಿ! ಈ ಮುಂಬೈದಾಗ ಇನ್ನೊಂದು ಕಾಂಗರೂ ಎಲ್ಲಿ ಹುಡಕಲಿ?”

ಗ್ಯಾಲರಿಯಲ್ಲಿ ಆಗಲೇ ಕಾಗೆಗಳ ಔತಣ ನಡೆದಿತ್ತು. ಎಲ್ಲರೂ ಅಲ್ಲಿಗೆ ಓಡಿಬಂದು ನೋಡುತ್ತಿರುವಾಗ ಶೀಲಾವತಿ ಸೆರಗು ಸಿಕ್ಕಿಸಿ, ಕಸಬರಿಗೆಯಿಂದ ಕಾಗೆ ಓಡಿಸಿ, ಉಳಿದ ಹುಳಗಳನ್ನು ಬರಿಗೈಯಿಂದ ಆರಿಸತೊಡಗಿದಳು.

“ಭರಣ್ಯಾಗ ಉಪ್ಪುನೀರು ಹಾಕಲೇನ್ರಿ?” ಎಂದು ಕೇಳಿದಳು.

“ಹಾಕ್ರಿ,” ಎಂದ ದಾನಪ್ಪ. “ಹೇಸಿಗಿ ಅನಸೂದಿಲ್ಲೇನ್ರಿ ನಿಮಗ?”

“ಹೇಸಿಗಿ ಯಾಕ? ಇದ್ದ ಮನಿ ಕಳಕೊಂಡಾವ, ಪಾಪ.”

ದಾನಪ್ಪ ಹುಳ ಬಿಟ್ಟು ಅವಳನ್ನೇ ನೋಡುತ್ತ ಕೂತ.

ಭರಣಿಯ ಮುಚ್ಚಳ ಬಿಗಿದು ಎಲ್ಲರೂ ಒಳಗೆ ಬಂದರು. ಬಟ್ಟಲುಗಳಲ್ಲಿ ಪಾಯಸ ಕಾಯುತ್ತಿತ್ತು, ಬೆಳ್ಳಗೆ, ಸಣ್ಣಗೆ, ಹಾಲಿನಲ್ಲಿ ತೇಲುತ್ತ. ಯಾರ ಕೈಯೂ ಏಳಲಿಲ್ಲ. ಕಾಶವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಇದೂ ಹೋಯಿತು, ನನ್ನ ಕೈಯಾರೆ ಹೋಯಿತು ಎಂದು ಅಂಬವ್ವನಿಗೆ ಅಳುವೇ ಬಂತು.

ದಾನಪ್ಪ ಬಟ್ಟಲೆತ್ತಿ ಸೊರ್ ಎಂದು ಹೀರಿದ. ತಳ ಕೆರೆದು ನೆಕ್ಕಿದ. “ಇನ್ನಷ್ಟು ಹಾಕ್ರಿ.”

ಕಾಶವ್ವ ಮಗನನ್ನು ನೋಡಿದಳು, ಹುಡುಗಿಯನ್ನು ನೋಡಿದಳು, ಕಣ್ಣು ಮುಚ್ಚಿ ಒಂದು ಚಮಚ ನುಂಗಿದಳು.

“ಹೆಣ್ಣು ಒಪ್ಪಿಗಿ ಐತ್ರಿ. ಇನ್ನ ನೀವೂ ತಗೋರಿ, ಬೀಗತಿ. ಇಲ್ಲಾಂದ್ರ ನಮ್ಮ ಹುಡುಗ ನಿಮಗ ಒಪ್ಪಿಗಿ ಇಲ್ಲ ಅಂತ ತಿಳೀತೀವಿ.”

ಎಷ್ಟು ತೊಳೆದರೂ ಅಂಬವ್ವನ ಬೆರಳಿನ ವಾಸನೆ ಹೋಗಿರಲಿಲ್ಲ. ಒಮ್ಮೆ ಮಗಳ ಮುಖ ನೋಡಿದಳು, ಶಿವನನ್ನು ನೆನೆದಳು, ಅಗಿಯದೆ ಗುಟುಕರಿಸಿದಳು.

“ಭಾಳ ಚಲೋ ಆಗೈತಿ,” ಎಂದಳು, ಕಣ್ತುಂಬ ನೀರು ತುಂಬಿಕೊಂಡು.