ಎಡಗಂಬದ ಹಸಿರು

ಒದ್ದೆ ರಬ್ಬರಿನ ವಾಸನೆ ಬಂದರೆ ಕೋಚಮ್ಮನಿಗೆ ಈಗಲೂ ಅಪ್ಪನ ಸೈಕಲ್ ಅಂಗಡಿಯೇ ನೆನಪಾಗುತ್ತದೆ. ಪಂಕ್ಚರ್ ಹಾಕುವ ಸೊಲ್ಯೂಷನ್ನು, ಉಜ್ಜಿದ ಟ್ಯೂಬು, ಕೊಳೆನೀರು ತುಂಬಿದ ಅಗಲವಾದ ಬೋಗುಣಿ ಎಲ್ಲ ಸೇರಿದ ಆ ವಾಸನೆ ಅಪ್ಪನ ಅಂಗಿಗೆ, ಕೈಗೆ, ಅವರು ತಲೆ ಸವರಿದರೆ ಅವಳ ಜಡೆಗೂ ಅಂಟಿಕೊಳ್ಳುತ್ತಿತ್ತು. ಶಾಲೆಯಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡರೆ ಇವಳು ಬೇಕೆಂದೇ ಇನ್ನಷ್ಟು ಒತ್ತಿಕೊಂಡು ಕೂರುತ್ತಿದ್ದಳು. ಗೋಲ್‌ಕೀಪರುಗಳ ಗ್ಲೌಸಿನ ಅಂಗೈಗೂ ಅದೇ ವಾಸನೆ. ಹದಿನೇಳು ವರ್ಷ ತಾನೇ ಗೋಲು ಕಾದು, ಆಮೇಲೆ ಇಪ್ಪತ್ತೊಂದು ವರ್ಷದಿಂದ ಗೋಲು ಕಾಯುವವರನ್ನು ತಯಾರು ಮಾಡುತ್ತಿದ್ದಾಳೆ. ಬೆಳಿಗ್ಗೆ ಸಾಮಾನಿನ ಕೋಣೆಯ ಬೀಗ ತೆಗೆದು, ದಾರದ ಮೇಲೆ ಒಣಹಾಕಿದ ಗ್ಲೌಸುಗಳ ಮಧ್ಯೆ ಒಂದು ನಿಮಿಷ ಸುಮ್ಮನೆ ನಿಂತರೇ ಅವಳಿಗೆ ದಿನ ಶುರುವಾದಂತೆ.

ಆ ಸೋಮವಾರ ಆ ಒಂದು ನಿಮಿಷವೂ ಸಿಗಲಿಲ್ಲ. ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಬಾಗಿಲಲ್ಲೇ ನಿಂತಿದ್ದ, ಕೈಯಲ್ಲಿ ಒಂದು ಫೈಲು.

"ಮೇಡಂ, ಒಂದೇ ಮಾತಲ್ಲಿ ಹೇಳಿ. ಗುಬ್ಬಿ ರೆಡಿನಾ, ಇಲ್ವಾ?"

ವಿಷಯ ಇಷ್ಟು. ಮೊದಲ ತಂಡದ ಗೋಲ್‌ಕೀಪರ್, ಎಲ್ಲರೂ ದೊಡ್ಡಕ್ಕ ಎಂದು ಕರೆಯುವವಳು, ಹಿಂದಿನ ಶನಿವಾರದ ಪಂದ್ಯದಲ್ಲಿ ಬೆರಳು ಮುರಿದುಕೊಂಡಿದ್ದಳು. ಬರುವ ಶನಿವಾರದ ಪಂದ್ಯ ಸೋತರೆ ತಂಡ ಕೆಳಗಿನ ದರ್ಜೆಗೆ ಇಳಿಯುತ್ತದೆ. ಬೇರೊಂದು ಕ್ಲಬ್ಬಿನವರು ತಮ್ಮ ಅನುಭವಿ ಕೀಪರ್ ಒಬ್ಬಳನ್ನು ಎರವಲು ಕೊಡಲು ಒಪ್ಪಿದ್ದರು. ಆದರೆ ಕೊಟ್ಟರೆ ಇಡೀ ವರ್ಷಕ್ಕೆ, ಕಾಗದಪತ್ರ ಅಂದೇ ಮಧ್ಯಾಹ್ನ ಎರಡು ಗಂಟೆಯೊಳಗೆ ಹೋಗಬೇಕು. ಅವಳು ಬಂದರೆ ಎರಡನೇ ತಂಡದ ಗುಬ್ಬಿ ಇನ್ನೊಂದು ವರ್ಷ ಎರಡನೇ ತಂಡದಲ್ಲೇ. ಗುಬ್ಬಿಗೆ ಹತ್ತೊಂಬತ್ತು. ಅವಕಾಶ ಇನ್ನೊಂದು ಸಲ ಇದೇ ಬಾಗಿಲಿಗೆ ಬಂದು ನಿಲ್ಲುತ್ತದೆಂದು ಹೇಳುವವರು ಯಾರು?

"ರೆಡಿ" ಎಂಬ ಮಾತು ಕೋಚಮ್ಮನ ನಾಲಗೆ ತುದಿಗೇ ಬಂದಿತ್ತು. ಅವಳ ಪುಸ್ತಕವೂ ಹಾಗೇ ಹೇಳುತ್ತಿತ್ತು. ಮೂರು ತಿಂಗಳ ಹಿಂದೆ ಗುಬ್ಬಿ ಎಡಭುಜ ಜಾರಿಸಿಕೊಂಡಿದ್ದಳು. ವಾಸಿಯಾಗಿ ಮೈದಾನಕ್ಕೆ ಮರಳಿ ಐದು ವಾರವಾಗಿತ್ತು. ಅಭ್ಯಾಸದಲ್ಲಿ ಯಾವ ಯಾವ ಕಡೆ ಗೋಲು ಬಿಟ್ಟುಕೊಟ್ಟಳು ಎಂದು ಕೋಚಮ್ಮ ದಿನವೂ ಬರೆದಿಡುತ್ತಿದ್ದಳು. ಬಲಗಡೆ ಹನ್ನೊಂದು, ನೆತ್ತಿಯ ಮೇಲೆ ಆರು, ಎಡಗಡೆ ಸೊನ್ನೆ. ಭುಜ ಗಟ್ಟಿಯಾಗಿದೆ ಎನ್ನಲು ಇನ್ನೇನು ಬೇಕು?

ಆದರೂ ಅವಳು, "ಒಂದೂವರೆಗೆ ಹೇಳ್ತೀನಿ" ಎಂದಳು. "ಇನ್ನೊಂದು ಸಲ ನೋಡ್ಬಿಡ್ತೀನಿ."

"ಐದು ವಾರದಿಂದ ನೋಡ್ತಾನೇ ಇದೀರಲ್ಲ."

"ಹಂಗಾದ್ರೆ ಇನ್ನು ಐದು ಗಂಟೆ ನೋಡಿದ್ರೆ ನಷ್ಟ ಏನಪ್ಪಾ?"

ಮ್ಯಾನೇಜರ್ ಗೊಣಗುತ್ತಾ ಹೋದ.

ಗುಬ್ಬಿ ಅಭ್ಯಾಸ ಮಾಡುತ್ತಿದ್ದುದು ಹಿಂದಿನ ಚಿಕ್ಕ ಮೈದಾನದಲ್ಲಿ. ಕೋಚಮ್ಮ ಅಲ್ಲಿಗೆ ಹೋದಾಗ ಹುಲ್ಲಜ್ಜ ಗೋಲಿನ ಮುಂದೆ ಮಂಡಿಯೂರಿದ್ದ. ಮೈದಾನ ನೋಡಿಕೊಳ್ಳುವ ಮುದುಕ ಅವನು. ಆಟಗಾರ್ತಿಯರ ಹೆಸರು ಅವನಿಗೆ ನೆನಪಿರುತ್ತಿರಲಿಲ್ಲ, ಯಾರು ಎಲ್ಲಿ ತುಳಿಯುತ್ತಾರೆ ಎನ್ನುವುದು ಮರೆಯುತ್ತಿರಲಿಲ್ಲ. ಕೋಚಮ್ಮನಿಗೆ ಆ ಹೆಸರು ಇಟ್ಟವನೂ ಅವನೇ. ಒಂದು ಕೈಗಾಡಿಯ ತುಂಬ ಚಾಪೆಯಂತೆ ಕತ್ತರಿಸಿದ ಹುಲ್ಲಿನ ತುಂಡುಗಳನ್ನು ತಂದು, ಬೋಳಾದ ನೆಲದ ಮೇಲೆ ಒಂದೊಂದಾಗಿ ಕೂರಿಸುತ್ತಿದ್ದ. ಎಲ್ಲವನ್ನೂ ಬಲಗಡೆಯ ಕಂಬದ ಹತ್ತಿರವೇ.

"ಯಾಕಜ್ಜ, ಒಂದೇ ಕಡೆ ಸಿಂಗಾರ? ಎಡಗಡೆ ಏನು ತಪ್ಪು ಮಾಡ್ತು?"

"ಅದು ಸಿಂಗಾರ ಮಾಡ್ಕೊಂಡೇ ಕೂತಿದೆಯಲ್ಲಮ್ಮಾ" ಎಂದ ಹುಲ್ಲಜ್ಜ, ತಲೆ ಎತ್ತದೆ. "ನೋಡಿ, ಎರಡೂ ಕಡೆ ಒಂದೇ ದಿನ ಹಾಕಿದ್ದು. ಈ ಹುಡುಗಿ ಮತ್ತೆ ಆಡೋಕೆ ಬಂದ ವಾರಾನೇ. ಈ ಕಡೆ ಮಣ್ಣೆಲ್ಲ ಮೇಲೆ ಬಂದಿದೆ. ಆ ಕಡೆ ಬೇಕಾದ್ರೆ ಹಸು ಕಟ್ಟಬಹುದು. ಯಾರೂ ಬಿದ್ದೇ ಇಲ್ಲ ಅಲ್ಲಿ."

ಕೋಚಮ್ಮ ಎಡಗಂಬದ ಹತ್ತಿರ ಹೋಗಿ ಬಗ್ಗಿ ಹುಲ್ಲು ಸವರಿದಳು. ದಟ್ಟವಾಗಿ, ನುಣ್ಣಗೆ, ಒಂದು ಗೀರೂ ಇಲ್ಲದೆ ಇತ್ತು. ಎಡಗಡೆ ಗೋಲು ಸೊನ್ನೆ ಎಂದು ಐದು ವಾರ ಖುಷಿಯಿಂದ ಬರೆದಿದ್ದಳು. ಎಡಗಡೆಗೆ ಚೆಂಡುಗಳೆಷ್ಟು ಬಂದವು ಎಂದು ಒಂದು ದಿನವೂ ಬರೆದಿರಲಿಲ್ಲ.

ಹತ್ತು ಗಂಟೆಗೆ ಹುಡುಗಿಯರು ಬಂದರು. ಚೆಂಡು ಹೊಡೆಯುವವರ ಮುಂದಾಳು ಕತ್ತರಿ. ಉದ್ದನೆಯ ಕಾಲುಗಳನ್ನು ಬೀಸಿ ಓಡುವ ರೀತಿಗೆ ಬಂದ ಹೆಸರು ಅದು. ಕೋಚಮ್ಮ ಅವಳನ್ನು ಪಕ್ಕಕ್ಕೆ ಕರೆದಳು.

"ಏನೇ, ಗುಬ್ಬಿಗೆ ಎಡಗಡೆ ಯಾಕೆ ಹೊಡೆಯಲ್ಲ ನೀನು?"

"ಹೊಡೀತೀನಲ್ಲ ಮೇಡಂ..."

"ಆ ಹುಲ್ಲು ಬೇರೆ ಕಥೆ ಹೇಳ್ತಿದೆ."

ಕತ್ತರಿ ಬೂಟಿನ ತುದಿ ನೋಡಿಕೊಂಡಳು. "ಯಾರೂ ಮಾತಾಡ್ಕೊಂಡು ಮಾಡಿದ್ದಲ್ಲ ಮೇಡಂ, ಆಣೆಗೂ. ಮೊದಲ ದಿನ ಬಂದಾಗ ಅವಳು ಭುಜ ಹಿಡ್ಕೊಂಡು ನಿಂತಿದ್ಲು. ಪಾಪ ಅನ್ನಿಸ್ತು. ನಾನು ಆ ಕಡೆ ಮೆತ್ತಗೆ ಹೊಡೆದೆ. ನನ್ನ ನೋಡಿ ಉಳಿದವರೂ... ಆಮೇಲೆ ಅದೇ ರೂಢಿಯಾಗೋಯ್ತು."

"ಶನಿವಾರ ಎದುರಿನವರೂ ಪಾಪ ಅಂತಾರಾ?"

"ಬೈಬೇಡಿ ಮೇಡಂ."

"ಬೈತಿಲ್ಲ ಕಣೇ. ಬೈಯೋದಾದ್ರೆ ಮೊದಲು ನನ್ನನ್ನೇ ಬೈಕೋಬೇಕು. ಕಣ್ಣೆದುರಿಗೇ ನಡೀತಿತ್ತು. ಹೋಗು, ಈಗ ಬರೀ ಎಡಗಡೆ. ಕೆಳಗೆ, ಜೋರಾಗಿ. ಹತ್ತು ಚೆಂಡು."

ಗುಬ್ಬಿಗೆ ಇದಾವುದೂ ಗೊತ್ತಿರಲಿಲ್ಲ. ಕ್ಲಬ್ಬಿಗೆ ಸೇರಿದಾಗ ಕಡ್ಡಿಯಂತಿದ್ದವಳಿಗೆ ಅಂಟಿದ ಹೆಸರು ಅದು. ಈಗ ಕೈ ಎತ್ತಿದರೆ ಅಡ್ಡಪಟ್ಟಿ ಮುಟ್ಟುತ್ತಿದ್ದಳು. ಗ್ಲೌಸಿಗೆ ಎಂಜಲು ಉಗಿದು, ಕೈ ಉಜ್ಜಿಕೊಂಡು, ಎಂದಿನಂತೆ ಕುಣಿಯುತ್ತಾ ನಿಂತಳು.

ಮೊದಲನೆಯದು ಎಡಗಂಬಕ್ಕೆ ಒತ್ತಿಕೊಂಡು ಒಳಗೆ ಹೋಯಿತು. ಗುಬ್ಬಿ ನಕ್ಕಳು. ಎರಡನೆಯದೂ ಹೋಯಿತು. ಮೂರನೆಯದಕ್ಕೆ ಹಾರಿದಳು, ಆದರೆ ತಡವಾಗಿ. ಹಿಂದಕ್ಕೆ ಒರಗಿದಂತೆ ಬಿದ್ದು ಮೊಣಕೈ ಜಜ್ಜಿಕೊಂಡಳು. ನಾಲ್ಕು ಹೋಯಿತು. ಐದನ್ನು ಹೇಗೋ ಬೆರಳಲ್ಲಿ ತಳ್ಳಿದಳು. ಆರು, ಏಳು ಹೋದವು. ನಗು ಯಾವಾಗಲೋ ಮಾಯವಾಗಿತ್ತು.

"ಇವತ್ತೇನು, ಎಲ್ಲಾ ಒಂದೇ ಕಡೆಗೆ?" ಎಂದು ಕೂಗಿದಳು.

ಹೊಡೆಯುವವರೆಲ್ಲ ಕತ್ತರಿಯ ಕಡೆ ನೋಡಿದರು, ಕತ್ತರಿ ಎಡಗಂಬದ ಹುಲ್ಲಿನ ಕಡೆ. ಆ ನೋಟದಲ್ಲೇ ಗುಬ್ಬಿಗೆ ಎಲ್ಲ ಅರ್ಥವಾಯಿತು. ತಿರುಗಿ ಎರಡೂ ಕಂಬಗಳ ಬುಡ ನೋಡಿದಳು. ಮುಖ ಕೆಂಪಾಯಿತು.

"ಇಷ್ಟು ದಿನ ನಂಗೆ ಭಿಕ್ಷೆ ಹಾಕ್ತಿದ್ರಾ ನೀವು?"

"ಭಿಕ್ಷೆ ಅಲ್ಲ ಕಣೇ, ನಿನ್ನ ಭುಜ..." ಕತ್ತರಿ ತೊದಲಿದಳು.

"ನನ್ನ ಭುಜ ನಿನ್ನ ಕೇಳ್ತಾ? ಡಾಕ್ಟ್ರು ಸರಿ ಇದೆ ಅಂದ್ರು, ನಾನು ಸರಿ ಇದೆ ಅಂದೆ. ನೀನ್ಯಾವಳೇ ನನಗೆ ಔಷಧಿ ಕೊಡೋಕೆ? ನಾನು ಮನೇಲಿ ಅಮ್ಮನ ಹತ್ರ, ಎಡಗಡೆ ಒಂದೂ ಬಿಟ್ಟಿಲ್ಲಮ್ಮಾ ಅಂತ ಜಂಬ ಕೊಚ್ಕೊಂಡಿದೀನಿ. ನನ್ನ ಮುಖಕ್ಕೆ ಮಸಿ ಬಳಿದ್ರಲ್ಲೇ!"

ಕತ್ತರಿಯ ಕಣ್ಣು ತುಂಬಿತು. ಕೋಚಮ್ಮ ಮಧ್ಯೆ ಹೋಗಲಿಲ್ಲ. ಕೋಪ ಎಲ್ಲಿಗೆ ಹರಿಯುತ್ತದೆ ಎಂದು ನೋಡಬೇಕಿತ್ತು ಅವಳಿಗೆ. ಕೆಲವರದು ಅಳುವಿಗೆ ಹರಿಯುತ್ತದೆ, ಕೆಲವರದು ಮನೆಯ ದಾರಿಗೆ.

ಗುಬ್ಬಿ ಬಲೆಯೊಳಗೆ ಹೋದಳು. ಏಳನೆಯ ಚೆಂಡನ್ನು ತೆಗೆದುಕೊಂಡು, ಎಸೆಯದೆ, ತಾನೇ ನಡೆದುಕೊಂಡು ಬಂದು ಕತ್ತರಿಯ ಕಾಲ ಬುಡದಲ್ಲಿ ಇಟ್ಟಳು.

"ಹೊಡಿ. ಅಲ್ಲಿಗೇ. ಮೆತ್ತಗೆ ಹೊಡೆದ್ರೆ ನೋಡು."

ಹತ್ತರಲ್ಲಿ ಎಂಟು ಗೋಲು. ಕೋಚಮ್ಮ ಪುಸ್ತಕದಲ್ಲಿ ಬರೆದಳು. ಭುಜದಲ್ಲಿ ನೋವಿಲ್ಲ, ಅದು ಅವಳಿಗೆ ಕಾಣುತ್ತಿತ್ತು. ಏನೋ ಬೇರೆ. ಅಷ್ಟರಲ್ಲಿ ಬೆರಳಿಗೆ ಪಟ್ಟಿ ಕಟ್ಟಿಕೊಂಡು ಬೆಂಚಿನ ಮೇಲೆ ಕೂತಿದ್ದ ದೊಡ್ಡಕ್ಕ ಎದ್ದು ಬಂದಳು. ಹತ್ತು ವರ್ಷ ಕಾದುಕೊಂಡ ಜಾಗ ಅವಳದು. ಗುಬ್ಬಿ ಚೆನ್ನಾಗಿ ಆಡಿಬಿಟ್ಟರೆ ಬೆರಳು ಕೂಡಿದ ಮೇಲೂ ಆ ಜಾಗ ಸಿಗುತ್ತದೋ ಇಲ್ಲವೋ.

"ನಾನೊಂದು ಹೇಳ್ಲಾ ಮೇಡಂ?"

"ನನ್ನ ಯಾಕೆ ಕೇಳ್ತೀಯಾ, ಅವಳಿಗೆ ಹೇಳು."

ದೊಡ್ಡಕ್ಕ ಗುಬ್ಬಿಯ ಪಕ್ಕ ನಿಂತು ತನ್ನ ಕಾಲಿನಿಂದ ಅವಳ ಎಡಗಾಲನ್ನು ತಟ್ಟಿದಳು. "ಈ ಕಳ್ಳನ್ನ ನೋಡು. ಅವಳು ಹೊಡೆಯೋಕೆ ಮೊದಲೇ ಹಿಂದಕ್ಕೆ ಜಾರ್ಕೋತಿದಾನೆ. ಕಾಲು ಹಿಂದೆ ಹೋದ್ರೆ ಮೈ ಹಿಂದಕ್ಕೆ ಬೀಳತ್ತೆ, ಮೊಣಕೈ ಮೇಲೆ, ಭುಜದ ಮೇಲೆ. ಮುಂದಕ್ಕೆ ಇಡು. ಚೆಂಡಿನ ಎದುರಿಗೆ ಹೋಗಿ ಬೀಳು. ಮೊದಲು ತೊಡೆ, ಆಮೇಲೆ ಸೊಂಟ, ಭುಜ ಕೊನೇಲಿ. ನೋವಾಗಲ್ಲ."

"ನಿಂಗೆ ಹೇಗೆ ಗೊತ್ತಕ್ಕಾ?"

"ಮಂಡಿ ಹೋಗಿತ್ತಲ್ಲ ನಂದು, ಒಂದು ವರ್ಷ ಹೀಗೇ ಕಾಲು ಕದ್ದಿದೀನಿ. ಅತ್ತೆಮ್ಮನ ಕೈಲಿ ಬೈಸ್ಕೊಂಡು ಬೈಸ್ಕೊಂಡು ಬಿಟ್ಟೆ."

ಅತ್ತೆಮ್ಮ ಎನ್ನುವುದು ಹುಡುಗಿಯರು ಬೆನ್ನ ಹಿಂದೆ ತನಗೇ ಇಟ್ಟ ಹೆಸರೆಂದು ಕೋಚಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಕೇಳಿಸದವಳಂತೆ ಪೆನ್ನಿನ ಮುಚ್ಚಳ ಹುಡುಕಿದಳು.

ಎರಡನೆಯ ಹತ್ತರಲ್ಲಿ ಐದು ಹೋದವು. ಮೂರನೆಯದು ಮುಗಿಯುವ ಹೊತ್ತಿಗೆ ಎಡಗಂಬದ ಬುಡದಲ್ಲಿ ಹಸಿರು ಹರಿದು ಕರಿಮಣ್ಣು ಕಾಣುತ್ತಿತ್ತು. ಹುಲ್ಲಜ್ಜ ದೂರದಿಂದ, "ಅಯ್ಯೋ, ಅದನ್ನೂ ಬೋಳಿಸಿದ್ರಾ!" ಎಂದು ಗೋಳಾಡಿದ. ಮೂರನೆಯ ಹತ್ತರಲ್ಲಿ ಹೋದದ್ದು ನಾಲ್ಕು. ಒಂದೊಂದು ಗೋಲು ಆದಾಗಲೂ ಗುಬ್ಬಿ ತಾನೇ ಹೋಗಿ ಚೆಂಡು ತಂದು ಇಡುತ್ತಿದ್ದಳು, ಇಟ್ಟು ಹಿಂದಿರುಗುವಾಗ ಎಡಗಾಲಿಗೆ ಏನೋ ಗದರುತ್ತಿದ್ದಳು. ಕತ್ತರಿಯ ಜೊತೆ ಮಾತಿಲ್ಲ. ಕತ್ತರಿಯೂ ಒಂದನ್ನೂ ಮೆತ್ತಗೆ ಹೊಡೆಯಲಿಲ್ಲ, ಆಗಾಗ ಮಾತ್ರ ತೋಳಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ಉಳಿದ ಅಭ್ಯಾಸವೂ ಮುಗಿದು ಒಂದೂಕಾಲು ಆಯಿತು. ಕೋಚಮ್ಮ ಆಫೀಸಿನ ಕಡೆಗೆ ಹೊರಟಳು. ಪುಸ್ತಕದ ಹಳೆಯ ಹಾಳೆಗಳನ್ನು ತೋರಿಸಿ ಬಾಯಿ ಮುಚ್ಚಿಕೊಂಡರೆ ಮ್ಯಾನೇಜರ್ ಒಂದೇ ಉಸಿರಿಗೆ ಒಪ್ಪುತ್ತಾನೆ. ಮೆಟ್ಟಿಲು ಹತ್ತುವಾಗ ಆ ಯೋಚನೆ ಬಂದದ್ದು ನಿಜ. ಬಂದದ್ದಕ್ಕೆ ಅವಳಿಗೆ ನಾಚಿಕೆಯೂ ಆಯಿತು.

ಮೇಜಿನ ಮೇಲೆ ಎರವಲಿನ ಕಾಗದ ಸಹಿಗೆ ಸಿದ್ಧವಾಗಿತ್ತು. ಅವಳು ನಿಂತುಕೊಂಡೇ ಎಲ್ಲ ಹೇಳಿದಳು. ಹುಲ್ಲು, ಕತ್ತರಿಯ ಪಾಪ, ತನ್ನ ಸೊನ್ನೆ, ಇವತ್ತಿನ ಎಂಟು, ಐದು, ನಾಲ್ಕು.

ಮ್ಯಾನೇಜರ್ ತಲೆ ಮೇಲೆ ಕೈ ಇಟ್ಟುಕೊಂಡ. "ಅಂದ್ರೆ ಅವಳು ಬೇಡ ಅಂತ."

"ಅವಳೇ ಬೇಕು ಅಂತ."

"ಮೇಡಂ! ಐದು ವಾರ ನೋಡಿ ನೀವೇ ಮೋಸ ಹೋಗಿದೀರಿ. ಈಗ ಒಂದು ಬೆಳಿಗ್ಗೆ ನೋಡಿ ಹೂಂ ಅಂತೀರಾ?"

"ಐದು ವಾರ ನಾನು ನೋಡಿದ್ದು ಉಳಿದವರ ಒಳ್ಳೇತನಾನ. ಅವಳನ್ನ ನೋಡಿದ್ದು ಇವತ್ತೇ. ಕೀಪರ್ ಆದವಳು ಗೋಲು ಬಿಟ್ಟೇ ಬಿಡ್ತಾಳೆ, ನಾನೂ ಬಿಟ್ಟಿದೀನಿ, ಬುಟ್ಟಿಗಟ್ಲೆ. ಬಿಟ್ಟ ಮೇಲೆ ಏನು ಮಾಡ್ತಾಳೆ ಅನ್ನೋದು ನಂಗೆ ಬೇಕಿತ್ತು. ಗೆಳತಿಯರ ಮುಂದೆ ಮರ್ಯಾದೆ ಹೋಗಿದ್ರೂ ಚೆಂಡು ತಂದು ಅವರ ಕಾಲ ಕೆಳಗೇ ಇಟ್ಟಳು. ಹೇಳಿಕೊಟ್ಟಿದ್ದನ್ನ ಹತ್ತೇ ಚೆಂಡಲ್ಲಿ ಕಾಲಿಗೆ ಕಲಿಸಿದ್ಲು."

"ಹತ್ತಕ್ಕೆ ನಾಲ್ಕು ಹೋಗ್ತಿದೆ ಅಂತ ನೀವೇ ಹೇಳ್ತಿದೀರಿ."

"ಇವತ್ತು ಸೋಮವಾರ. ಶುಕ್ರವಾರದ ತನಕ ನನ್ನ ಹತ್ರ ಬಿಡಿ. ಕತ್ತರಿಯಷ್ಟು ಹತ್ತಿರದಿಂದ, ಅಷ್ಟು ಜೋರಾಗಿ ಹೊಡೆದ್ರೆ ದೊಡ್ಡಕ್ಕನೂ ಎರಡು ಮೂರು ಬಿಡ್ತಾಳೆ."

"ಸೋತ್ರೆ?"

"ನನ್ನ ಹೆಸರು ಹೇಳಿ. ಬರೆದೇ ಕೊಡ್ತೀನಿ."

ಅವನ ಕಾಗದದ ಮೇಲೆ, ಅವನ ಪೆನ್ನಿನಿಂದಲೇ ಬರೆದಳು. ಇಂದಿನವರೆಗೆ ಎಡಗಡೆಯನ್ನು ಸರಿಯಾಗಿ ಪರೀಕ್ಷಿಸಿರಲಿಲ್ಲ, ಆ ತಪ್ಪು ನನ್ನದು, ಆದರೂ ಶನಿವಾರದ ಪಂದ್ಯಕ್ಕೆ ಇವಳೇ ಇರಲಿ ಎಂಬುದು ನನ್ನ ತೀರ್ಮಾನ. ಸಹಿ, ತಾರೀಕು, ಗಂಟೆ ಹಾಕಿದಳು. ಮ್ಯಾನೇಜರ್ ಅದನ್ನು ಎರಡು ಸಲ ಓದಿದ. ಗಡಿಯಾರ ನೋಡಿದ, ಅವಳ ಮುಖ ನೋಡಿದ. ಆಮೇಲೆ ಎರವಲಿನ ಕಾಗದವನ್ನು ಡ್ರಾಯರಿಗೆ ಹಾಕಿ, ಮಂಡಿಯಿಂದ ಒತ್ತಿ ಮುಚ್ಚಿದ.

"ಶನಿವಾರ ರಾತ್ರಿ ನಾನು ಊಟ ಮಾಡ್ಬೇಕು ಮೇಡಂ. ಅಷ್ಟು ಮಾಡಿ ಸಾಕು."

ಅವಳು ಕೆಳಗೆ ಬಂದಾಗ ಎರಡು ದಾಟಿತ್ತು. ಕ್ಯಾಂಟೀನಿನ ಕಿಟಕಿ ಅರ್ಧ ಮುಚ್ಚಿತ್ತು, ಒಳಗಿನಿಂದ ಪಾತ್ರೆ ತೊಳೆಯುವ ಸದ್ದು. ಎಲ್ಲ ಉಂಡು ಹೋಗಿದ್ದರು. ಹಿಂದಿನ ಮೈದಾನದಲ್ಲಿ ಗುಬ್ಬಿ ಒಬ್ಬಳೇ ಇದ್ದಳು. ಗೋಡೆಗೆ ಚೆಂಡು ಎಸೆದು, ಅದು ತಿರುಗಿ ಬರುವಾಗ ಎಡಕ್ಕೆ ಬೀಳುತ್ತಿದ್ದಳು. ಎದ್ದು ಮತ್ತೆ ಎಸೆದು ಮತ್ತೆ ಬೀಳುತ್ತಿದ್ದಳು. ಎಡಗಡೆಯ ಚಡ್ಡಿ, ತೋಳು, ಕೆನ್ನೆ ಎಲ್ಲ ಮಣ್ಣು. ಕೋಚಮ್ಮನನ್ನು ಕಂಡು ಚೆಂಡು ಹಿಡಿದು ನಿಂತಳು.

"ಶನಿವಾರ ನೀನೇ" ಎಂದಳು ಕೋಚಮ್ಮ.

ಗುಬ್ಬಿ ಕುಣಿಯಲಿಲ್ಲ, ಕೂಗಲಿಲ್ಲ. ಗ್ಲೌಸಿನ ಪಟ್ಟಿ ಬಿಚ್ಚಿ ಇನ್ನೂ ಬಿಗಿಯಾಗಿ ಕಟ್ಟಿಕೊಂಡಳು. "ಹಂಗಾದ್ರೆ ಹೊಡೆಯೋಕೆ ಯಾರಾದ್ರೂ ಬೇಕಲ್ಲ ಮೇಡಂ. ಗೋಡೆ ಒಂದೇ ಥರ ಹೊಡೆಯತ್ತೆ. ಅವಳು... ಕತ್ತರಿ ಹೊರಟೋದ್ಲಾ?"

"ಅಷ್ಟು ಬೈದ್ರೆ ಇನ್ನೇನು ಮಾಡ್ತಾಳೆ?"

ಗುಬ್ಬಿ ತಲೆ ತಗ್ಗಿಸಿದಳು. ಅಷ್ಟರಲ್ಲಿ ಕ್ಯಾಂಟೀನಿನ ಮೂಲೆಯಿಂದ ಉದ್ದನೆಯ ಕಾಲುಗಳು ನಿಧಾನವಾಗಿ, ಚೆಲ್ಲದಂತೆ ಹೆಜ್ಜೆ ಇಡುತ್ತಾ ಬಂದವು. ಕತ್ತರಿ ಬೂಟು ಬಿಚ್ಚಿರಲಿಲ್ಲ. ಒಂದು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದಿದ್ದಳು. ಹತ್ತಿರ ಬಂದು ನಿಂತಳು, ಮೇಲಿನ ತಟ್ಟೆ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಬಿಸಿ ಅನ್ನ, ಬೇಳೆ, ಎರಡು ಬೇಯಿಸಿದ ಮೊಟ್ಟೆ. ಗುಬ್ಬಿ ಕಟ್ಟಿದ ಗ್ಲೌಸನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಚ್ಚುವವರೆಗೂ ಕಾದಳು. ಆಮೇಲೆ ತಟ್ಟೆಯನ್ನು ಅವಳ ಕೈಗೆ ಕೊಟ್ಟಳು.