ಮೇಡಂ ಬಿಟ್ಟುಕೊಟ್ಟ ಕುರ್ಚಿ

ನಾನು ಒಂದು ತಿರುಗುವ ಕುರ್ಚಿ. ಹುಬ್ಬಳ್ಳಿಯ ತಗಡಿನ ಶೆಡ್ಡೊಂದರಲ್ಲಿ ಹುಟ್ಟಿದೆ. ಒಬ್ಬ ನನಗೆ ಕಬ್ಬಿಣದ ಕಾಲು ಬೆಸೆದ. ಇನ್ನೊಬ್ಬ ಸ್ಪಂಜಿನ ಮೇಲೆ ಕಪ್ಪು ರೆಕ್ಸಿನ್ ಬಿಗಿಯಾಗಿ ಎಳೆದು ಮೊಳೆ ಹೊಡೆದ. ಇಬ್ಬರೂ ನನ್ನ ಮೇಲೆ ಒಮ್ಮೆಯೂ ಕೂರಲಿಲ್ಲ. ಸುಸ್ತಾದಾಗ ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತು ಚಹಾ ಕುಡಿದರು. ಮಾಡಿದವರು ಕೂರುವಂತಿಲ್ಲ ಅನ್ನುವುದನ್ನು ನಾನು ಹುಟ್ಟಿದ ದಿನವೇ ಕಲಿತೆ.

ಕೂತವರ ಮುಖ ನನಗೆ ಸರಿಯಾಗಿ ಕಾಣುವುದಿಲ್ಲ. ಕಾಲು ಕಾಣುತ್ತದೆ, ಭಾರ ಗೊತ್ತಾಗುತ್ತದೆ. ಮನುಷ್ಯರ ಬಗ್ಗೆ ತಿಳಿಯಲು ಅಷ್ಟು ಸಾಕು.

ಅಂಗಡಿಯಿಂದ ನನ್ನನ್ನು ಕೊಂಡವರು ಮಂಗಲಾ ಮೇಡಂ. ಗಂಡ ತೀರಿಕೊಂಡ ಮೇಲೆ ರೊಟ್ಟಿ ಕಾರ್ಖಾನೆ ಶುರು ಮಾಡಿದ್ದರು. ಅಂಗಡಿಯವನು ಹಲ್ಲು ಕಿರಿದು ಕೇಳಿದ, "ಸಾಹೇಬ್ರಿಗೇನ್ರೀ ಕುರ್ಚಿ?"

"ಸಾಹೇಬ್ರು ಸತ್ತಾರ. ಕೂಡಾಕಿ ನಾನು," ಅಂದರು ಮೇಡಂ. ಅಲ್ಲೇ ಕೂತು ಒಂದು ಸುತ್ತು ತಿರುಗಿದರು. ಅಂಗಡಿಯವರೆಲ್ಲ ನೋಡುತ್ತಿದ್ದರು. ಆದರೂ ತಿರುಗಿದರು. ಸುಳ್ಳು ಯಾಕೆ ಹೇಳಲಿ, ಆ ದಿನ ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು.

ಮೊದಮೊದಲು ಅವರು ಹಾಗೇ ಇದ್ದರು. ರೊಟ್ಟಿ ಬಡಿಯುವ ಹೆಂಗಸರನ್ನು ಎದುರಿಗೆ ಕೂರಿಸಿಕೊಂಡು ವ್ಯಾಪಾರಸ್ಥರ ಜೊತೆ ಫೋನಿನಲ್ಲಿ ಜಗಳ ಆಡುವುದನ್ನು ಕಲಿಸಿದರು. ಇಬ್ಬರು ಮೂವರನ್ನು ಸೂಪರ್‌ವೈಸರ್ ಮಾಡಿದರು. ಅಷ್ಟಕ್ಕೇ ಪೇಪರಿನವರು ಬಂದು ಫೋಟೋ ಹೊಡೆದರು. ಆಮೇಲೆ ಶಾಲು ಬಂತು, ಹಾರ ಬಂತು, ದೊಡ್ಡ ಹೋಟೆಲಿನಲ್ಲಿ ಭಾಷಣ ಬಂತು. 'ನಾಯಕಿಯರನ್ನು ತಯಾರಿಸುವ ತಾಯಿ' ಅಂತ ಬ್ಯಾನರ್ ಬಂತು. ಮೇಡಂ ಕಾಲಿಗೆ ಹಿಮ್ಮಡಿ ಎತ್ತರದ ಚಪ್ಪಲಿ ಬಂದವು. ರೊಟ್ಟಿ ಬಡಿಯುವವರು ಮಾತ್ರ ಗೋಣಿಚೀಲ ಹಾಸಿಕೊಂಡು ಬೆಂಕಿ ಮುಂದೆ ನೆಲದ ಮೇಲೇ ಇದ್ದರು.

ಮಹಿಳಾ ದಿನಕ್ಕೆ ಮೇಡಂ ಒಂದು ಪದ್ಧತಿ ತಂದರು. ಆ ದಿನ ಒಬ್ಬ ರೊಟ್ಟಿಯವಳನ್ನು ನನ್ನ ಮೇಲೆ ಕೂರಿಸುವುದು. ಅವತ್ತು ಅವಳೇ ಎಂ.ಡಿ., ಅವಳು ಹೇಳಿದ್ದೇ ಆರ್ಡರ್. ಕೂತವರೆಲ್ಲ ನಗುತ್ತಾ "ಎಲ್ಲಾರ್ಗೂ ಜಿಲೇಬಿ ತರಸ್ರಿ" ಅನ್ನುತ್ತಿದ್ದರು. ಜಿಲೇಬಿ ಬರುತ್ತಿತ್ತು. ಫೋಟೋ ಆಗುತ್ತಿತ್ತು. ಮುಗೀತು.

ಒಂದು ವರ್ಷ ಶಿವಲೀಲಾ ಕೂತಳು. ಅವಳಿಗೆ ಜಿಲೇಬಿ ನೆನಪಾಗಲಿಲ್ಲ, ಕಲ್ಲವ್ವ ನೆನಪಾದಳು. ಕಲ್ಲವ್ವ ಅವಳ ಪಕ್ಕದ ಒಲೆಯವಳು. ಹಂಚಿಗೆ ಕೈ ಸುಟ್ಟುಕೊಂಡು ಕೆಲಸಕ್ಕೆ ಬರಲಾಗದ್ದಕ್ಕೆ ಮೇಡಂ ಅವಳನ್ನು ಬಿಡಿಸಿದ್ದರು.

ಶಿವಲೀಲಾ ಗಂಟಲು ಸರಿಮಾಡಿಕೊಂಡು ಅಂದಳು, "ಕಲ್ಲವ್ವಕ್ಕನ್ನ ನಾಳಿಂದ ಕೆಲ್ಸಕ್ಕ ಕರೀರಿ. ಇದು ನನ್ ಆರ್ಡರ್."

ಹುಚ್ಚಿ. ನಿಜ ಅಂದುಕೊಂಡಿದ್ದಳು. ಕ್ಯಾಮೆರಾ ಇತ್ತಲ್ಲ, ಮೇಡಂ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಮರುದಿನ ಬೆಳಿಗ್ಗೆ ಕಲ್ಲವ್ವ ಬುತ್ತಿ ಕಟ್ಟಿಕೊಂಡು, ತಲೆಗೆ ಹೂ ಮುಡಿದು ಗೇಟಿಗೆ ಬಂದು ನಿಂತಳು. ಮೇಡಂ ನನ್ನ ಮೇಲೆ ಕೂತು ಶಿವಲೀಲಾಳನ್ನು ಕರೆಸಿದರು. ಬೈಯಲಿಲ್ಲ, ನೋಡಿ. ಸಕ್ಕರೆಯಂಥ ದನಿಯಲ್ಲಿ ಮಾತಾಡಿದರು.

"ಒಬ್ಬಾಕಿನ್ನ ಕರಕೊಂಡ್ರ ಬಿಡಿಸಿದೋರೆಲ್ಲಾ ಬಂದು ನಿಲ್ತಾರವಾ. ಕಾರ್ಖಾನಿ ನಡಸೂದು ಹೆಂಗ? ಆರ್ಡರ್ ಕೊಟ್ಟಾಕಿ ನೀನು, ವಾಪಸ್ ತಗೊಳ್ಳಾಕಿನೂ ನೀನ. ಹೋಗಿ ಹೇಳು. ಲೀಡರ್ ಅಂದ್ರ ಕಷ್ಟದ ಮಾತು ಹೇಳಾಕ ಬರಬೇಕು. ಹೇಳಿ ಬಾ, ಇವತ್ತಿಂದ ನೀನ ಸೂಪರ್‌ವೈಸರ್."

"ನನ್ ಕೈಲೆ ಆಗೂದಿಲ್ರಿ ಮೇಡಂ."

"ಆಗೂದಿಲ್ಲ ಅಂದ್ರ ಗೇಟು ನಿನಗೂ ಅದ ಐತಿ."

ಶಿವಲೀಲಾ ಹೋದಳು. ಕಿಟಕಿಯಿಂದ ಎಲ್ಲವೂ ಕೇಳಿಸಿತು.

"ಯಾಕ ತಂಗಿ, ನೀನ ಕರದೆಲ್ಲಾ?" ಅಂದಳು ಕಲ್ಲವ್ವ.

"ಅದು ಚಾಷ್ಟಿಗೆ ಹೇಳಿದ್ದಬೇ. ಚಾಷ್ಟಿ ಮಾತು ಯಾವ್ದು, ಖರೇ ಮಾತು ಯಾವ್ದು ತಿಳಿಯೂದಿಲ್ಲೇನ್ ನಿನಗ? ಸುಟ್ಟ ಕೈ ತಗೊಂಡು ಏನ್ ರೊಟ್ಟಿ ಬಡೀತಿ? ನಡಿ, ನಡಿ."

ಸುಟ್ಟ ಕೈಯ ಮಾತನ್ನು ಮೇಡಂ ಹೇಳಿಕೊಟ್ಟಿರಲಿಲ್ಲ. ಅದು ಅವಳದೇ.

ಆಮೇಲೆ ಮೇಡಂ ಹೊಸ ಚರ್ಮದ ಕುರ್ಚಿ ತರಿಸಿಕೊಂಡು ನನ್ನನ್ನು ಶಿವಲೀಲಾಳಿಗೆ ಕೊಟ್ಟರು. ಸಮಾರಂಭ ಮಾಡಿಯೇ ಕೊಟ್ಟರು ಅನ್ನಿ. ನನಗೂ ಹಾರ ಹಾಕಿದರು. "ನನ್ನ ಕುರ್ಚಿಯನ್ನೇ ನನ್ನ ಹೆಣ್ಣುಮಕ್ಕಳಿಗೆ ಬಿಟ್ಟುಕೊಟ್ಟೆ" ಅಂತ ಮೈಕಿನಲ್ಲಿ ಹೇಳಿ ಕಣ್ಣೊರೆಸಿಕೊಂಡರು. ನನ್ನನ್ನು ರೊಟ್ಟಿ ಬಡಿಯುವವರ ಹಿಂದೆ ಇಟ್ಟರು, ಎಲ್ಲರ ಬೆನ್ನು ಕಾಣುವ ಹಾಗೆ.

ಹೆಂಗಸರು ಶಿವಲೀಲಾಳ ಜೊತೆ ಮಾತು ಬಿಟ್ಟರು. ಅವಳಿಗೆ ಕೇಳುವ ಹಾಗೆ ತಮ್ಮತಮ್ಮಲ್ಲೇ ಆಡಿಕೊಂಡರು.

"ಏ, ಸೆರಗು ಸರಿಮಾಡ್ಕೋ. ಸಾಹೇಬ್ರು ನೋಡಾಕತ್ತಾರ."

"ಅವರ ಕುಂಡಿಗೆ ರೆಕ್ಸಿನ್ ಅಂಟೇತವಾ. ಇನ್ ನೆಲಾ ಹತ್ತೂದಿಲ್ಲ."

ಊಟದ ಹೊತ್ತಿಗೆ ಅವರೆಲ್ಲ ಹೊರಗೆ ಬೇವಿನ ಮರದಡಿ ದುಂಡಗೆ ಕೂತರೆ ಇವಳು ನನ್ನ ಮೇಲೆ ಒಬ್ಬಳೇ ಉಣ್ಣುತ್ತಿದ್ದಳು. ರೇಣವ್ವ ಅಂತ ಒಬ್ಬ ಹೊಸ ಹುಡುಗಿ ಮಾತ್ರ ದಿನಾ ಬಂದು, "ಯಕ್ಕಾ, ಪುಂಡಿಪಲ್ಯ ತಿಂತೀ?" ಅಂತ ಕೇಳಿ ಹಾಕಿ ಹೋಗುತ್ತಿದ್ದಳು.

ಒಂದು ದಿನ ಊಟದ ಹೊತ್ತು. ಒಲೆಗಳ ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಶಿವಲೀಲಾ ಎದ್ದು ನಿಂತು ತುಂಬ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಕಲ್ಲವ್ವನ ಹಳೇ ಒಲೆಯ ಹತ್ತಿರ ಹೋಗಿ, ಅರಿವೆಯಲ್ಲಿ ಹಿಡಿದು, ಕಾದ ಹಂಚನ್ನು ಎತ್ತಿ ತಂದಳು. ನನ್ನ ಮೇಲೆ ಇಟ್ಟಳು. ರೆಕ್ಸಿನ್ ಚುರ್ ಅಂತು. ಸ್ಪಂಜು ಕರಗಿ ಹೊಗೆ ಎದ್ದಿತು.

ನೋವಾಯಿತು. ಖುಷಿಯೂ ಆಯಿತು. ಇನ್ನು ಇವಳು ಇಳಿದು ಹೋಗಿ ಅವರ ಜೊತೆ ನೆಲದ ಮೇಲೆ ಕೂರುತ್ತಾಳೆ, ಕಲ್ಲವ್ವನ ಮನೆಗೂ ಹೋಗುತ್ತಾಳೆ ಅಂದುಕೊಂಡೆ. ನಾನೂ ಹುಚ್ಚಿಯೇ.

ಹಂಚನ್ನು ಒಲೆಗೆ ಇಟ್ಟು ತಿರುಗುವಷ್ಟರಲ್ಲಿ ಬಾಗಿಲಲ್ಲಿ ಮೇಡಂ. ಅವರ ಬೆನ್ನಿಗೆ ತರಬೇತಿಗೆ ಬಂದ ಹೆಂಗಸರ ದಂಡು. ನಾಯಕತ್ವ ಅಂದರೆ ಏನು ಅಂತ ತೋರಿಸಲು ಕರೆತಂದಿದ್ದರು.

ಹೊಗೆ ನೋಡಿ ಮೇಡಂ ಮುಖ ಗಂಟಾಯಿತೋ ಏನೋ, ಚಪ್ಪಲಿ ಟಕ್ ಅಂತ ನಿಂತವು. "ಯಾರ್ ಮಾಡಿದ್ದು ಇದನ್ನ?"

ಶಿವಲೀಲಾ ಕೈಯಲ್ಲಿದ್ದ ಅರಿವೆಯನ್ನು ಬೆನ್ನ ಹಿಂದೆ ಸರಿಸಿದಳು. ಮರದಡಿ ಕೂತಿದ್ದ ರೊಟ್ಟಿಯವರೂ ಓಡಿ ಬಂದು ಗೋಡೆಗೆ ಒತ್ತಿ ನಿಂತರು. ಅವರಲ್ಲಿ ಇಬ್ಬರು ಬಾಗಿಲಿಂದ ಎಲ್ಲವನ್ನೂ ಕಂಡಿದ್ದರು. ಹಂಚು ನನ್ನ ಮೇಲೆ ಇಟ್ಟಾಗಲೇ ಅಲ್ಲಿ ಅವರ ಪಾದ ನಾನು ನೋಡಿದ್ದೆ.

"ಲೀಡರ್ ಆದಾಕಿಗೆ ತನ್ನ ಲೈನಿನಾಗ ಏನ್ ನಡದೈತಿ ಗೊತ್ತಿರಬೇಕು. ಹೆಸರು ಹೇಳು ಶಿವಲೀಲಾ."

ಬಾಯಿ ಜೋರಿರುವವರ ಹೆಸರು ಹೇಳಿದರೆ ತಿರುಗಿ ಬೀಳುತ್ತಾರೆ. ಜಗಳ ಆಡದವಳು ಒಬ್ಬಳೇ ಇದ್ದಳು.

"ರೇಣವ್ವ," ಅಂದಳು.

ಯಾರೂ ತುಟಿ ಬಿಚ್ಚಲಿಲ್ಲ. ಮೇಡಂ ತರಬೇತಿಯವರ ಕಡೆ ತಿರುಗಿ, "ನೋಡಿದ್ರಿಲ್ಲೋ? ಮುಲಾಜಿಲ್ಲದ ಹೇಳಿದ್ಳು. ಇಂಥಾಕಿನ್ನ ನಾ ತಯಾರ್ ಮಾಡೀನಿ," ಅಂದರು. ತರಬೇತಿಯವರು ಬರೆದುಕೊಂಡರು. ಮೇಡಂ ರೇಣವ್ವನಿಗೆ ಗೇಟು ತೋರಿಸಿದರು.

ರೇಣವ್ವ ಅಳಲಿಲ್ಲ. ಆಣೆ ಮಾಡಲಿಲ್ಲ. ತನ್ನ ಗೋಣಿಚೀಲ ಜಾಡಿಸಿ ಮಡಚಿದಳು. ಹೋಗುವಾಗ ಶಿವಲೀಲಾಳ ಎದುರು ನಿಂತು, "ಯಕ್ಕಾ, ಡಬ್ಬ್ಯಾಗ ಪಲ್ಯ ಉಳದೈತಿ. ನೀ ಉಂಡಿಲ್ಲಲಾ, ಉಣ್ಣು. ಡಬ್ಬಿ ಯಾರ ಕೈಯಾಗರ ಕಳಸು," ಅಂದಳು.

ಎಲ್ಲರೂ ಒಲೆಗೆ ಮರಳಿದ ಮೇಲೆ ಶಿವಲೀಲಾ ಸುಟ್ಟ ತೂತಿನ ಮೇಲೇ ಕೂತು ಆ ಡಬ್ಬಿ ತೆಗೆದಳು. ಉಂಡಳು. ಪೂರ್ತಿ ಉಂಡಳು.

ಮರುದಿನ ಅವಳಿಗೆ ಹೊಸ ಕುರ್ಚಿ ಬಂತು. ಈಗ ಅವಳೂ ತರಬೇತಿ ಕೊಡುತ್ತಾಳಂತೆ. ಮೇಡಂ ಪಕ್ಕದಲ್ಲೇ ವೇದಿಕೆಯ ಮೇಲೆ ಕೂರುತ್ತಾಳಂತೆ.

ನಾನು ಗುಜರಿ ಅಂಗಡಿಯ ಹಿತ್ತಿಲಲ್ಲಿ ಮಗ್ಗುಲಾಗಿ ಬಿದ್ದಿದ್ದೇನೆ. ಚಕ್ರ ಬಿಚ್ಚಿಕೊಂಡು ಹೋಗಿದ್ದಾರೆ. ಸ್ಪಂಜನ್ನು ಇಲಿಗಳು ಎಳೆಯುತ್ತಿವೆ. ಎಳೆಯಲಿ, ಅವಕ್ಕಾದರೂ ಆಗಲಿ. ಇಲ್ಲಿ ಕೆಲಸವಿಲ್ಲ, ಆ ಮಧ್ಯಾಹ್ನವನ್ನೇ ಮತ್ತೆ ಮತ್ತೆ ನೋಡುತ್ತೇನೆ. ಯಾರು ಸುಟ್ಟರು ಅಂತ ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ, ನನಗೆ ಬಾಯಿಲ್ಲ. ಬಾಗಿಲಲ್ಲಿ ನಿಂತು ಕಂಡವರಿಗೂ ಗೊತ್ತಿತ್ತು. ಅವರಿಗೆ ಬಾಯಿತ್ತು.